ಕನಕಪುರ ರಸ್ತೆಯ ನಮ್ಮ ತೋಟದ ಲೇಔಟ್: ಐದಕ್ಕೆ ಮೂರು

ಬನಶಂಕರಿಯ ನಮ್ಮ ಮನೆಗೆ ಬರುವ ನೆಂಟರಿಷ್ಟರು ಈಚೆಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಮಾತು ಒಂದೇ. "ನಿಮ್ಮ ಫಾರ್ಮ್ ಪ್ಲಾಟ್ ಹೇಗಿದೆ? ನಾವೂ ಒಂದು ತಗೊಳ್ಳೋಣ ಅಂತಿದೀವಿ." ಒಬ್ಬೊಬ್ಬರಿಗೂ ಒಂದೊಂದು ತುಣುಕು ಹೇಳಿ ಸಾಕಾಗಿದೆ, ಎಲ್ಲವನ್ನೂ ಒಟ್ಟಿಗೆ ಇಲ್ಲಿ ಬರೆದುಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ನೋಡಿ ನಿವೃತ್ತಳಾದವಳು. ಹೂವು ಹಣ್ಣಿನ ವರ್ಣನೆಗಿಂತ ಪಹಣಿ, ಲೆಕ್ಕಪತ್ರಗಳ ಮಾತೇ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಲೇಔಟ್ ಮಾಡಿದ ಕಂಪನಿಯ ಹೆಸರು ಹಾಕುತ್ತಿಲ್ಲ. ಅವರು ಎಲ್ಲ ಮಾರಿ, ಮೊದಲ ಕೆಲವು ವರ್ಷ ಗಿಡ ನೋಡಿಕೊಂಡು, ಕೀಲಿಕೈ ಗೊಂಚಲನ್ನು ನಮ್ಮ ಕೈಗಿಟ್ಟು ಹೋದರು. ಈಗ ಅಲ್ಲಿ ಇರುವುದು ಜಮೀನಿನ ಮಾಲೀಕರ ಸಂಘ, ಅಂದರೆ ನಾವೇ. ನಾನು ಅಂಕ ಕೊಡುತ್ತಿರುವುದು ಈ ಸಂಘಕ್ಕೆ.

ಜಾಗ ಹಾರೋಹಳ್ಳಿ ದಾಟಿದ ಮೇಲೆ ಮುಖ್ಯರಸ್ತೆ ಬಿಟ್ಟು ಒಳಕ್ಕೆ. ಮೆಟ್ರೊ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಏಜೆಂಟರು "ಮೆಟ್ರೊ ಇಂದ ಇಷ್ಟೇ ನಿಮಿಷ" ಅನ್ನುವುದನ್ನು ಶುರುಮಾಡಿದರು. ಆ ನಿಮಿಷಗಳು ಬೆಳಗಿನ ಜಾವ ನಾಲ್ಕು ಗಂಟೆಯ ನಿಮಿಷಗಳು. ಭಾನುವಾರ ಸಂಜೆ ವಾಪಸ್ ಬರುವಾಗ ಕಗ್ಗಲೀಪುರದ ಹತ್ತಿರ ನಿಂತ ಕಾರಿನಲ್ಲಿ ಕೂತು ಲೆಕ್ಕ ಹಾಕಿ ನೋಡಿ, ಗೊತ್ತಾಗುತ್ತದೆ.

ಒಳ್ಳೆಯದನ್ನು ಮೊದಲೇ ಹೇಳುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು. ನಮ್ಮ ಸಂಘದಲ್ಲಿ ಹಂಚಿಕೊಂಡು ಬಳಸುವ ವ್ಯವಸ್ಥೆ ಚೆನ್ನಾಗಿದೆ. ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಏಣಿ ಎಲ್ಲ ಸಂಘದ ಶೆಡ್ಡಿನಲ್ಲಿವೆ. ಪುಸ್ತಕದಲ್ಲಿ ಹೆಸರು ಬರೆದು ತೆಗೆದುಕೊಂಡು ಹೋಗಬಹುದು. ಕೊಟ್ಟಿಗೆ ಗೊಬ್ಬರವನ್ನು ಲೋಡುಗಟ್ಟಲೆ ಒಟ್ಟಿಗೆ ತರಿಸುವುದರಿಂದ ಒಬ್ಬೊಬ್ಬರೇ ತರಿಸುವುದಕ್ಕಿಂತ ಅಗ್ಗ. ಕಾವಲಿಗಿರುವ ಗಂಡಹೆಂಡತಿ ಅಪ್ಪಟ ಬೇಸಾಯಗಾರರು. ನಾನು ನೆಟ್ಟ ಕರಿಬೇವು ಯಾಕೆ ಸೊರಗುತ್ತಿದೆ ಅಂತ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಬೇಕಾಗಿ ಬರಲಿಲ್ಲ. ಆಕೆ ಒಮ್ಮೆ ಬುಡ ಕೆದಕಿ, "ನೀರು ಹೆಚ್ಚಾಗದೆ ಕಣಮ್ಮ, ಎರಡು ವಾರ ಇದರ ತಂಟೆಗೆ ಹೋಗಬೇಡಿ" ಅಂದಳು. ಚಿಗುರಿತು. ಏಪ್ರಿಲ್ ಕೊನೆಗೆ ಬಾದಾಮಿ ಹಣ್ಣು ಬರುತ್ತದೆ. ಈ ಭಾಗದ ಮಾವು ಕೋಲಾರದ ಕಡೆಯದಕ್ಕಿಂತ ಮುಂಚೆ ಪೇಟೆಗೆ ಬರುವುದರಿಂದ ರೇಟೂ ಪರವಾಗಿಲ್ಲ. ಸೇಂದೂರ ಮಾತ್ರ ನಮ್ಮಲ್ಲಿ ಯಾಕೋ ಪ್ರತಿವರ್ಷ ನೊಣದ ಪಾಲು.

ಇನ್ನು ಜನ ಕೇಳುವ ಪ್ರಶ್ನೆಗಳು. "ನಾವು ರೈತರಲ್ಲ, ಕೊಳ್ಳಬಹುದಾ?" ಅನ್ನುವುದು ಮೊದಲನೆಯದು. ಕೊಳ್ಳಬಹುದು. 1961ರ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ಹೋದವು. ಅದಕ್ಕೆ ಮುಂಚೆ ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ, ಸಂಘಸಂಸ್ಥೆ, ಕಂಪನಿಗಳು ಹೊಂದುವಂತೆಯೇ ಇರಲಿಲ್ಲ. ಎರಡನೆಯ ಮಾತನ್ನು ಸ್ವಲ್ಪ ನೆನಪಿಡಿ, ರಸ್ತೆಯ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

"ಕಾಲು ಎಕರೆ" ಅಂದರೆ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಲೆಕ್ಕ ಹೀಗೆ: ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಹತ್ತು ಗುಂಟೆ ಅಂದರೆ 10,890 ಚದರಡಿ. ನಮ್ಮ ಕ್ರಯಪತ್ರದಲ್ಲಿ ಹತ್ತು ಗುಂಟೆಯೇ ಇದೆ, ಆದರೆ ಅದರೊಳಗೆ ರಸ್ತೆಯ ಪಾಲೂ ಸೇರಿದೆ. ಬೇಲಿಯ ಒಳಗೆ ಟೇಪು ಹಿಡಿದರೆ ಎಂಟೂವರೆ. ಇದು ಮೋಸವಲ್ಲ, ಪತ್ರದಲ್ಲೇ ಬರೆದಿದೆ. ಬ್ರೋಷರಿನಲ್ಲಿ ಬರೆದಿಲ್ಲ ಅಷ್ಟೆ. ನೀವು ಕೇಳಬೇಕಾದ್ದು ಇನ್ನೊಂದು: ನಿಮ್ಮ ತುಂಡಿಗೆ 11ಇ ನಕ್ಷೆ (ಭಾಗ ಮಾಡಿ ಮಾರಲು ಸರ್ವೆಯವರು ಅಳೆದು ಕೊಡುವ ನಕ್ಷೆ) ಆಗಿದೆಯಾ, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿ ಪಹಣಿ ಬೇರೆ ಬಂದಿದೆಯಾ, ಅಥವಾ ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಇಪ್ಪತ್ತು ಹೆಸರು ಜಂಟಿಯಾಗಿ ಸಾಲುಗಟ್ಟಿವೆಯಾ? ಜಂಟಿ ಪಹಣಿಯಲ್ಲಿ ನಿಮ್ಮ ಹೆಸರು ಇದೆ ಅನ್ನುವುದು ನಿಜ, ನಿಮ್ಮ ಜಾಗ ಎಲ್ಲಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ನಮ್ಮ ಲೇಔಟಿನಲ್ಲಿ ಮುಂದಿನ ಸಾಲಿನವರಿಗೆ ಪೋಡಿ ಆಗಿದೆ, ಹಿಂದಿನ ಎರಡು ಸಾಲು ಇನ್ನೂ ಸರ್ವೆಯರ್ ದಾರಿ ಕಾಯುತ್ತಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಅದರ ಮಾರಾಟಕ್ಕೆ ತಡೆ ಹಾಕುವ 1978ರ ಪಿಟಿಸಿಎಲ್ ಕಾಯ್ದೆಯನ್ನೂ ವಕೀಲರ ಹತ್ತಿರ ಕೇಳಿ. 2023ರ ತಿದ್ದುಪಡಿ ಆದಮೇಲೆ "ಹಳೇ ಮಾರಾಟ, ಕಾಲ ಮೀರಿದೆ, ಯಾರೂ ಕೇಳಲ್ಲ" ಅನ್ನುವ ಏಜೆಂಟರ ಸಮಾಧಾನವನ್ನು ನಂಬಿ ಕೂರುವಂತಿಲ್ಲ.

ರಸ್ತೆ. ಒಳರಸ್ತೆ ಯಾರದು? ಈ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದೇ ಇಲ್ಲ, ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಇದನ್ನೇ. ಕೃಷಿ ಜಮೀನಾಗಿಯೇ ಮಾರುವ ಲೇಔಟುಗಳಿಗೆ ಸಾಮಾನ್ಯವಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವುದಿಲ್ಲ. ಅನುಮೋದಿತ ನಕ್ಷೆ ಇಲ್ಲ, ಪಂಚಾಯಿತಿಗೆ ಬಿಟ್ಟುಕೊಟ್ಟ ರಸ್ತೆಯೂ ಇಲ್ಲ. ಸಂಘದ ಹೆಸರಿಗೆ ಬರೆಸೋಣ ಅಂದರೆ 2020ರವರೆಗೆ 79ಬಿ ಅಡ್ಡ. ಹಾಗಾಗಿ ನಮ್ಮಂಥ ಹಳೇ ಲೇಔಟುಗಳಲ್ಲಿ ರಸ್ತೆಯ ಪಾಲನ್ನು ಕ್ರಯಪತ್ರದ ಗುಂಟೆಗಳಲ್ಲಿ ಎಣಿಸಿದ್ದರೂ ಆ ಜಾಗ ಪಹಣಿಯಲ್ಲಿ ಇನ್ನೂ ಮೂಲ ಮಾಲೀಕರ ಹೆಸರಿನಲ್ಲೇ ಕೂತಿದೆ. ನಮ್ಮದರಲ್ಲಿ ಆ ಯಜಮಾನರು ತೀರಿಕೊಂಡು, ಪೌತಿ ಖಾತೆ ಆಗಿ, ಈಗ ಮೂವರು ಮಕ್ಕಳ ಹೆಸರು ಬಂದಿದೆ. ಮೂವರೂ ಸಜ್ಜನರು, ಹಬ್ಬಕ್ಕೆ ಕಡುಬು ಕಳಿಸುತ್ತಾರೆ. ಆದರೂ ರಾತ್ರಿ ನಿದ್ದೆ ಬರಲು ನನಗೆ ಕಡುಬಿಗಿಂತ ನೋಂದಾಯಿತ ಹಕ್ಕುಪತ್ರ ಬೇಕು. ಕ್ರಯಪತ್ರದಲ್ಲಿ ಓಡಾಡುವ ಹಕ್ಕನ್ನು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರೆಸಿಕೊಂಡವರು ನಿಶ್ಚಿಂತೆಯಿಂದಿದ್ದಾರೆ. ಬರೆಸಿಕೊಳ್ಳದವರಿಗಾಗಿ ಸಂಘ ಈಗ ವಕೀಲರ ಫೀಸು ಕಟ್ಟುತ್ತಿದೆ. ಆ ದುಡ್ಡು ಎಲ್ಲರ ಜೇಬಿನದು.

"ಅಲ್ಲೇ ಮನೆ ಕಟ್ಟಿಕೊಂಡು ಇರಬಹುದಾ?" ಇರಬಹುದು, ಆದರೆ ಜಯನಗರದ ಮನೆ ಕಟ್ಟುವ ಹಾಗಿಲ್ಲ. 1964ರ ಭೂ ಕಂದಾಯ ಕಾಯ್ದೆಯಲ್ಲಿ ಬೇಸಾಯಗಾರನ ತೋಟದ ಮನೆಗೆ ಅವಕಾಶವಿದೆ, ಹಿಡುವಳಿಯ ಶೇ 10 ಮೀರಬಾರದು. ಹತ್ತು ಗುಂಟೆಗೆ ಒಂದು ಗುಂಟೆ. ನಮಗೆ ಒಂದು ಕೋಣೆ, ಅಡುಗೆಮನೆ, ಜಗುಲಿ ಇದ್ದರೆ ಸಾಕಿತ್ತು, ಸಾಕಾಗಿದೆ. ಹತ್ತು ಗುಂಟೆಯಲ್ಲಿ ಎರಡು ಅಂತಸ್ತು, ಹೋಮ್ ಥಿಯೇಟರ್ ಅಂತ ನಕ್ಷೆ ಹಿಡಿದು ಬರುವವರು ಮೊದಲು ಭೂ ಪರಿವರ್ತನೆ ಮಾಡಿಸಿಕೊಳ್ಳಬೇಕು. ಪರಿವರ್ತನೆ ಇಲ್ಲದ ಜಮೀನಿನ ಮೇಲೆ ಗೃಹಸಾಲ ಕೇಳಿಕೊಂಡು ಬಂದ ಎಷ್ಟು ಅರ್ಜಿಗಳನ್ನು ನನ್ನ ಕೈಯಾರೆ ವಾಪಸ್ ಕಳಿಸಿದ್ದೇನೋ. ಮಾರುವವರು "ಸಾಲ ಆಗುತ್ತೆ ಮೇಡಂ" ಅಂದರೆ, ಯಾವ ಬ್ಯಾಂಕು, ಯಾವ ಸಾಲ ಅಂತ ಬರೆದುಕೊಡಿ ಅನ್ನಿ. ಹೆಚ್ಚಾಗಿ ಅದು ನಿಮ್ಮ ಪಟ್ಟಣದ ಮನೆ ಅಡವಿಟ್ಟು ತೆಗೆಯುವ ಸಾಲ.

ನೀರಿನ ವಿಷಯಕ್ಕೆ ಬರುತ್ತೇನೆ. ಸಂಘದ ಅರ್ಧ ಜಗಳ ಇಲ್ಲೇ.

ನಮ್ಮಲ್ಲಿ ಇಡೀ ಲೇಔಟಿಗೆ ಎರಡು ಬೋರ್‌ವೆಲ್. 2023ರಲ್ಲಿ ಮಳೆ ಕೈಕೊಟ್ಟು ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತಲ್ಲ, ಅದರ ಮುಂದಿನ ಬೇಸಿಗೆ, 2024ರ ಮಾರ್ಚಿನಲ್ಲಿ, ಒಂದು ಬೋರು ಬರೀ ಗಾಳಿ ಕಕ್ಕತೊಡಗಿತು. ಬೆಂಗಳೂರಿನಲ್ಲಿ ಟ್ಯಾಂಕರಿಗೆ ಹೊಡೆದಾಟ ನಡೆಯುತ್ತಿದ್ದ ತಿಂಗಳು ಅದು. ಹಳ್ಳಿಯಲ್ಲಿ ನೀರಿರುತ್ತದೆ ಅಂತ ಅಲ್ಲಿಗೆ ಓಡಿದವರಿಗೆ ಅಲ್ಲೂ ಟ್ಯಾಂಕರೇ ಎದುರಾಯಿತು. ಉಳಿದ ಒಂದು ಬೋರಿನ ನೀರನ್ನು ಹೇಗೆ ಹಂಚುವುದು? ಎಲ್ಲರಿಗೂ ಸಮನಾಗಿ ಅಂತ ಒಂದು ಗುಂಪು. ಗಿಡ ಇರುವವರಿಗೆ ಮಾತ್ರ, ಬೀಳು ಬಿಟ್ಟವರಿಗೆ ಯಾಕೆ ಅಂತ ಇನ್ನೊಂದು ಗುಂಪು. ಒಬ್ಬ ಮಹಾನುಭಾವರು ಮನೆಯ ಮುಂದೆ ಹುಲ್ಲುಹಾಸು ಬೆಳೆಸಿದ್ದರು, ಅದರ ಪಕ್ಕ ಮೊಮ್ಮಕ್ಕಳಿಗೆಂದು ಈಜುಕೊಳ. ಕೊಳ ಚಿಕ್ಕದೇ. ಆದರೆ ತೆಂಗಿನ ಸಸಿ ಒಣಗುತ್ತಿರುವ ಪಕ್ಕದ ಪ್ಲಾಟಿನವರ ಕಣ್ಣಿಗೆ ಅದು ಕೃಷ್ಣರಾಜಸಾಗರ.

ಇಲ್ಲಿ ಸಂಘ ಮಾಡಿದ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಪ್ರತಿ ಪ್ಲಾಟಿಗೆ ಮೀಟರ್ ಹಾಕಿಸಿದರು. ಹನಿ ನೀರಾವರಿಗೆ ಸರದಿ ಪಟ್ಟಿ ಮಾಡಿ ಪಂಪುಮನೆಯ ಗೋಡೆಗೆ ಅಂಟಿಸಿದರು. ಹುಲ್ಲುಹಾಸಿಗೆ ಸಂಘದ ಬೋರಿನ ನೀರು ಬಿಡುವುದಿಲ್ಲ ಅಂತ ಠರಾವು ಆಯಿತು. ವಾಲ್ವ್ ತಿರುಗಿಸುವ ಹುಡುಗನಿಗೆ "ನಂಗೂ ಸ್ವಲ್ಪ ಬಿಡಪ್ಪ" ಅಂತ ಕೈಬೆಚ್ಚಗೆ ಮಾಡುವುದು ನಿಂತಿದ್ದು ಮೀಟರ್ ಬಂದ ಮೇಲೆಯೇ. ಎಲ್ಲರೂ ಗಿಡದ ಬುಡಕ್ಕೆ ತರಗು ಹೊದಿಸತೊಡಗಿದರು. ಉಪದೇಶದಿಂದ ಆಗದ್ದು ಬಿಲ್ಲಿನಿಂದ ಆಯಿತು.

ಪಂಪಿನ ಕರೆಂಟು ಬಿಟ್ಟಿ ಅನ್ನುವುದು ಏಜೆಂಟರ ಇನ್ನೊಂದು ಆಕರ್ಷಣೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಟ್ಟಿ ಹೌದು. ಅದು ಬೇಸಾಯಕ್ಕೆ. ಮನೆಯ ಓವರ್‌ಹೆಡ್ ಟ್ಯಾಂಕಿಗೆ, ಕೊಳಕ್ಕೆ ಅದೇ ಪಂಪಿನಿಂದ ಏರಿಸುವುದು ಸರಿಯಲ್ಲ, ತಪಾಸಣೆಗೆ ಬಂದರೆ ದಂಡ ಸಂಘದ ಹೆಸರಿಗೆ. ತ್ರೀ ಫೇಸ್ ದಿನಕ್ಕೆ 7 ಗಂಟೆ ಅಂತ ಲೆಕ್ಕ, ಅದೂ ತುಂಡುತುಂಡಾಗಿ, ಅರ್ಧ ರಾತ್ರಿಯಲ್ಲಿ. ಮನೆಗೆ ಪ್ರತ್ಯೇಕ ಗೃಹಬಳಕೆ ಸಂಪರ್ಕ ತೆಗೆದುಕೊಳ್ಳಿ. ಮೊದಲ ಮಳೆಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಹೊಸದು ಬರುವವರೆಗೆ ಲಾಟೀನೇ ಗತಿ. ಯುಪಿಎಸ್ ಇದ್ದವರು ಪಕ್ಕದವರ ಮೊಬೈಲ್ ಚಾರ್ಜ್ ಮಾಡಿಕೊಡುವುದು ನಮ್ಮಲ್ಲಿ ಅಲಿಖಿತ ನಿಯಮ.

ಪೂರ್ತಿ ಅಂಕ ಕಳೆದದ್ದು ಗೇಟಿನ ವಿಷಯದಲ್ಲಿ. ಕಳ್ಳತನ ಆಯಿತು ಅಂತ ಹಿಂದಿನ ಕಮಿಟಿ ಹಿಂಬದಿಯ ಗೇಟಿಗೆ ಬೀಗ ಜಡಿಯಿತು. ಆ ಗೇಟು ಇರುವುದು ಹಳೇ ಬಂಡಿದಾರಿಯ ಮೇಲೆ. ಗ್ರಾಮ ನಕ್ಷೆಯಲ್ಲಿ ಚುಕ್ಕೆ ಗೆರೆಯಲ್ಲಿ ಕಾಣುವ ದಾರಿ, ನಕಾಶೆ ದಾರಿ. ಊರಿನವರು ಕೆರೆಯ ಆಚೆಯ ಹೊಲಕ್ಕೆ ಹೋಗುವುದು ಅದರಲ್ಲೇ. ಮಾರನೇ ದಿನ ಒಬ್ಬ ಯಜಮಾನರು ಎರಡು ಹಸು ಹಿಡಿದು ಗೇಟಿನ ಮುಂದೆ ನಿಂತು ಕೂಗಿದರು: "ಏನವ್ವಾ, ಬೀಗ ಹಾಕ್ಬುಟ್ರೆ ಈ ಹಸ ಎತ್ಕೊಂಡು ಕಾಂಪೌಂಡ್ ಹಾರಾಣ್ವಾ?" ಕಮಿಟಿಯವರು ಪಟ್ಟು ಬಿಡಲಿಲ್ಲ, "ಪ್ರೈವೇಟ್ ಪ್ರಾಪರ್ಟಿ" ಫಲಕ ಹಾಕಿದರು. ಊರಿನವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು, ಸರ್ವೆಯರ್ ಬಂದು ಕಲ್ಲು ನೆಟ್ಟರು, ಗೇಟು ತೆಗೆಯಬೇಕಾಯಿತು. ಹೋದದ್ದು ಬೀಗ ಒಂದೇ ಅಲ್ಲ. ಅಲ್ಲಿಯವರೆಗೆ ಕರೆದ ದಿನ ಕೂಲಿಗೆ ಬರುತ್ತಿದ್ದವರು ಆ ವರ್ಷ ಕಳೆ ಕೀಳಲು ಒಬ್ಬರೂ ಬರಲಿಲ್ಲ. ಇವರೇ ಅಲ್ಲವೇ ಈ ಜಮೀನು ಉತ್ತವರು, ರಾಗಿ ಬೆಳೆದವರು, ಮಗಳ ಮದುವೆಗೋ ಸಾಲಕ್ಕೋ ಮಾರಿದವರು? ಈಗ ಹೊಸ ಕಮಿಟಿ ಮಾರಮ್ಮನ ಹಬ್ಬಕ್ಕೆ ವಂತಿಗೆ ಕೊಡುತ್ತದೆ, ಮರದಡಿಯ ಹುಲ್ಲನ್ನು ಊರಿನ ಹೆಂಗಸರು ಕೊಯ್ದುಕೊಂಡು ಹೋಗಬಹುದು ಅಂತ ಹೇಳಿದೆ. ಅದರಿಂದ ಫೆಬ್ರವರಿ, ಮಾರ್ಚಿನ ಬೆಂಕಿ ಭಯವೂ ಕಡಿಮೆಯಾಗಿದೆ. ಒಣಹುಲ್ಲು ನಿಂತಿದ್ದರೆ ಒಂದು ಬೀಡಿ ಸಾಕು.

ಲೇಔಟಿನ ಮೂಲೆಯಲ್ಲಿ ಒಂದು ಹಳ್ಳ ಹರಿಯುತ್ತದೆ, ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಸರ್ಕಾರಿ ಜಾಗ. ಕಂಪನಿಯವರು ಅದರ ಮೇಲೆ ಮಣ್ಣು ತುಂಬಿ "ಮಕ್ಕಳ ಆಟದ ಜಾಗ" ಅಂತ ತೋರಿಸಿದ್ದರು. ಮೊದಲ ಜೋರು ಮಳೆಗೆ ಜೋಕಾಲಿ ಕೆಳಗಿನ ಪ್ಲಾಟಿಗೆ ಹೋಯಿತು. ಪಹಣಿಯ ಖರಾಬು ಕಾಲಂ ಓದುವುದು ಕಲಿಯಿರಿ ಅಂತ ಮಾತ್ರ ಹೇಳುತ್ತೇನೆ.

ಆನೆ ಬರುತ್ತದಾ ಅಂತ ಮಕ್ಕಳು ಆಸೆಯಿಂದ ಕೇಳುತ್ತಾರೆ. ಬರುತ್ತದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯವನ್ನು (ಕಾಡಿನ ಸುತ್ತ ಕಟ್ಟಡ, ಗಣಿಗಳಿಗೆ ನಿರ್ಬಂಧವಿರುವ ಪಟ್ಟಿ) ಮೊದಲ ಕರಡಿನ ಸುಮಾರು 269 ಚದರ ಕಿಲೋಮೀಟರಿನಿಂದ 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಸಿದರು. ಆನೆಗಳಿಗೆ ಆ ಅಧಿಸೂಚನೆಯ ಪ್ರತಿ ತಲುಪಿಲ್ಲ. ಹಲಸು ಹಣ್ಣಾಗುವ ಹೊತ್ತಿಗೆ, ಆಮೇಲೆ ರಾಗಿ ತೆನೆ ಬಲಿಯುವ ಹೊತ್ತಿಗೆ ಈ ಕಡೆ ಹಾದುಹೋಗುತ್ತವೆ. ಕಂಪನಿಯವರು ರಸ್ತೆಯ ಎರಡೂ ಬದಿ ಅಂದಕ್ಕೆಂದು ಹಲಸು ನೆಟ್ಟಿದ್ದರು, ಆನೆಗೆ ಔತಣದ ಸಾಲುಎಲೆ ಹಾಸಿಕೊಟ್ಟಂತಾಯಿತು. ಸಂಘ ಈಗ ಹಲಸಿನ ಕಾಯನ್ನು ಎಳೆಯದಾಗಿರುವಾಗಲೇ ಇಳಿಸಿ ಹಂಚುತ್ತದೆ, ಪಲ್ಯಕ್ಕೆ ಅದೇ ರುಚಿ. ಸೋಲಾರ್ ಬೇಲಿ ಇದೆ. ಒಬ್ಬರು "ನೇರ ಲೈನಿನಿಂದ ಕೊಟ್ಟರೆ ಖರ್ಚೇ ಇಲ್ಲ" ಅಂದಾಗ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಬೈದದ್ದು ನನಗೆ ತುಂಬ ಹಿಡಿಸಿತು. ಅದು ಅಪರಾಧ, ಆನೆಯೂ ಸಾಯುತ್ತದೆ, ಹುಲ್ಲು ಕೊಯ್ಯುವ ಹೆಂಗಸೂ ಸಾಯುತ್ತಾಳೆ. ಚಿರತೆಯ ಓಡಾಟವೂ ಇದೆ. ರಾತ್ರಿ ನಾಯಿಯನ್ನು ಒಳಗೆ ಕಟ್ಟಿ.

ಶ್ರೀಗಂಧದ ಬಗ್ಗೆ ಎರಡೇ ಮಾತು. "ಇಷ್ಟು ಗಿಡ, ಇಷ್ಟು ವರ್ಷ, ಇಷ್ಟು ಕೋಟಿ" ಅನ್ನುವ ಕಾಗದ ನಮಗೂ ಕೊಟ್ಟಿದ್ದರು. 2001ರ ತಿದ್ದುಪಡಿಯ ನಂತರ ನಿಮ್ಮ ಜಮೀನಿನ ಗಂಧದ ಮರ ನಿಮ್ಮದೇ, ನಿಜ. ಆದರೆ ಅದು ಪಕ್ಕದ ಗಿಡದ ಬೇರಿನಿಂದ ಸಾರ ಹೀರಿ ಬದುಕುವ ಮರ, ಜೊತೆಗೆ ತೊಗರಿಯೋ ಹೊಂಗೆಯೋ ಬೇಕು. ಬೆಲೆ ಇರುವುದು ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ತಿರುಳಿಗೆ, ಚೇಗು ಕಟ್ಟಲು ವರ್ಷಗಟ್ಟಲೆ ಬೇಕು. ಕಟ್ಟಿತು ಅಂತ ನಿಮಗೆ ಗೊತ್ತಾಗುವ ಮುಂಚೆ ಕಳ್ಳರಿಗೆ ಗೊತ್ತಾಗುತ್ತದೆ. ನಮ್ಮ ಬೇಲಿಯಂಚಿನಲ್ಲಿದ್ದ ದಪ್ಪ ಮರವನ್ನು ಸದ್ದಿಲ್ಲದೆ ಕೊಯ್ದುಕೊಂಡು ಹೋದರು. ಕೋಟಿಯ ಲೆಕ್ಕ ಹಾಕುವಾಗ ಕಾವಲಿನ ಖರ್ಚನ್ನೂ ಹಾಕಿ.

ಖರ್ಚು ಎಷ್ಟು? ನಮ್ಮಲ್ಲಿ ಗುಂಟೆಗೆ ತಿಂಗಳಿಗೆ 200 ರೂಪಾಯಿ, ನಮಗೆ 2,000. ಕಾವಲು, ಪಂಪು ರಿಪೇರಿ, ಬೇಲಿ, ಮಳೆಗಾಲದ ನಂತರ ರಸ್ತೆಗೆ ಗ್ರಾವೆಲ್. ಬೋರು ಕೆಟ್ಟರೆ ಬೇರೆ ವಂತಿಗೆ. ಸಮಸ್ಯೆ ಮೊತ್ತದ್ದಲ್ಲ, ವಸೂಲಿಯದು. ಅಪಾರ್ಟ್‌ಮೆಂಟಿಗಾದರೆ 1972ರ ಕಾಯ್ದೆ ಇದೆ, ಕೃಷಿ ಜಮೀನಿನ ಸಂಘಕ್ಕೆ ಅದು ಬರುವುದಿಲ್ಲ. ನಮ್ಮದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದು, ಬೈಲಾ ಏನು ಹೇಳುತ್ತದೋ ಅಷ್ಟೇ ಬಲ. ವಿದೇಶದಲ್ಲಿರುವ ಮಾಲೀಕರು ಮಗು ಹುಟ್ಟಿದ ಫೋಟೊ ಗ್ರೂಪಿಗೆ ತಪ್ಪದೆ ಹಾಕುತ್ತಾರೆ, ಬಾಕಿಯ ಪಟ್ಟಿ ಹಾಕಿದ ದಿನ ಯಾರದೂ ಸದ್ದಿಲ್ಲ. ಈಗ ಬಾಕಿ ಇದ್ದವರಿಗೆ ಮಾರುವಾಗ ಎನ್‌ಒಸಿ ಕೊಡುವುದಿಲ್ಲ ಅಂತ ಬೈಲಾ ತಿದ್ದಿದ್ದೇವೆ. ನೋಂದಣಿ ಕಚೇರಿ ಅದನ್ನು ಕೇಳುವುದಿಲ್ಲ, ಆದರೆ ಜಾಣ ಕೊಳ್ಳುಗ ಕೇಳುತ್ತಾನೆ. ಕೊಳ್ಳುವ ಮುಂಚೆ ಸಂಘದ ನೋಂದಣಿ ಪತ್ರವನ್ನಷ್ಟೇ ನೋಡಬೇಡಿ. ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಿದ್ದಾರಾ ಕೇಳಿ. ನಮ್ಮವರು ಕೆಲವು ವರ್ಷ ಸಲ್ಲಿಸಿರಲಿಲ್ಲ, ದಂಡ ಕಟ್ಟಿ ಸರಿಮಾಡಿದ್ದು ಈಚೆಗೆ. ಮತ ಪ್ಲಾಟಿಗೊಂದೋ ಗುಂಟೆಗೊಂದೋ ಅನ್ನುವುದನ್ನೂ ಓದಿಕೊಳ್ಳಿ. ನಮ್ಮಲ್ಲಿ ಪ್ಲಾಟಿಗೊಂದು, ಹಾಗಾಗಿ ಏಳು ಪ್ಲಾಟು ಒಟ್ಟುಮಾಡಿಕೊಂಡ ಒಬ್ಬರು ಹೂಂ ಅನ್ನದೆ ದೀಪದ ಬಲ್ಬೂ ಬದಲಾಗುವುದಿಲ್ಲ.

ಯಾರಿಗೆ ಸರಿ? ವಾರದಲ್ಲಿ ಎರಡು ದಿನವಾದರೂ ಅಲ್ಲಿ ಇರಬಲ್ಲವರಿಗೆ, ಸಭೆಯಲ್ಲಿ ಕೂತು ಬೈಸಿಕೊಳ್ಳುವ ತಾಳ್ಮೆ ಇರುವವರಿಗೆ. ದುಡ್ಡು ಹಾಕಿ ಮರೆತು ಬೆಳೆಸಿಕೊಳ್ಳೋಣ ಅನ್ನುವವರು ಠೇವಣಿ ಇಡಿ. ಅನುಭವದಿಂದ ಹೇಳುತ್ತಿದ್ದೇನೆ, ನಮ್ಮ ಲೇಔಟಿನಲ್ಲಿ ಮಾರಾಟಕ್ಕಿರುವ ಪ್ಲಾಟುಗಳಿಗೆ ಜನ ನೋಡಲು ಬರುತ್ತಾರೆ, ಮಾವಿನ ಹಣ್ಣು ಇಸ್ಕೊಂಡು ಹೋಗುತ್ತಾರೆ, ಮತ್ತೆ ಫೋನು ಮಾಡುವುದಿಲ್ಲ.

ನೋಡಲು ಹೋಗುವುದಾದರೆ ಶನಿವಾರ ಕಂಪನಿಯ ಕಾರಿನಲ್ಲಿ, ಡಿಸೆಂಬರಿನ ಹಸಿರಿನಲ್ಲಿ ಹೋಗಬೇಡಿ. ಏಪ್ರಿಲ್ ಮಧ್ಯದ ಒಂದು ಬುಧವಾರ, ಮಧ್ಯಾಹ್ನ, ನಿಮ್ಮ ಗಾಡಿಯಲ್ಲಿ ಹೋಗಿ. ಪಂಪುಮನೆಯ ಗೋಡೆ ನೋಡಿ, ಅಲ್ಲಿ ಸರದಿ ಪಟ್ಟಿ ಇದೆಯಾ. ಆಮೇಲೆ ಕಾವಲಿನವರ ಮನೆಯಲ್ಲಿ ಕುಡಿಯಲು ನೀರು ಕೇಳಿ, ಅದು ಎಲ್ಲಿಂದ ಬಂತು ಅಂತಲೂ ಕೇಳಿ.